ಮೂವತ್ತು ಎತ್ತು, ಏಳು ಗೂಟ

ನನ್ನ ಮಗಳ ಬುದ್ಧಿಯ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಕೆರೂರಿನ ನಮ್ಮ ಓಣಿಯ ಹೆಂಗಸರು ಕೊಡ ಎತ್ತಿಕೊಂಡು ಎದ್ದುಬಿಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಒಬ್ಬಳು ನನ್ನ ಎದುರಿಗೇ ಅಂದಳು. ಅನ್ನಲಿ. ಅವಳ ಮನೆಯಲ್ಲಿರುವುದು ಹೆಗ್ಗಣವೇ, ಅದಕ್ಕೇ ಆ ಗಾದೆ ಅವಳ ಬಾಯಿಗೆ ಬೇಗ ಬರುತ್ತದೆ. ನನ್ನ ಮಾದೇವಿಯ ಮಾತು ಬೇರೆ. ಅವಳು ಏನು ಮಾಡಿದಳೆಂದು ಮೊದಲು ಕೇಳಿ, ಈ ಸಿದ್ದಲಿಂಗವ್ವ ಜಂಬದವಳೋ ಅಲ್ಲವೋ ಆಮೇಲೆ ಹೇಳಿ.

ನನ್ನ ಮಾವ ರಾಚಪ್ಪನವರಿಗೆ ಒಗಟಿನ ಹುಚ್ಚು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂದು ಎತ್ತಿಗೂ ಬಿಡುವು, ಹೂಡುವವರಿಗೂ ಬಿಡುವು. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಮಾವನವರ ದರ್ಬಾರು. ಬರಿಯ ಲೆಕ್ಕದ ಒಗಟುಗಳೇ ಅಲ್ಲಿ. ಬಿಡಿಸಲಾಗದವನು ‘ಸೋತೆ’ ಎಂದು ಹೇಳಿ ಒಂದು ಊರು ಕೊಡಬೇಕು. ಊರೆಂದರೆ ಬಾಯಿಮಾತಿನ ಊರು, ಆದರೆ ಗೆದ್ದವನ ಗತ್ತು ಮಾತ್ರ ಖರೇ ಗೌಡನದು. ಮಾವನವರ ಬಾಲ್ಯದ ಗೆಳೆಯ, ಸಂತೆಪೇಟೆಯಲ್ಲಿ ಬಟ್ಟೆ ಹೊಲಿಯುವ ಯಾಕೂಬಸಾಬರು, ಪಾಪ, ಎಷ್ಟು ಸಲ ಕಲಾದಗಿ ಕೊಟ್ಟಿದ್ದರೆಂದರೆ ಬಸ್ಸು ಕಲಾದಗಿ ದಾಟುವಾಗ ಮಾವ ಕಿಟಕಿಯಿಂದ ಹಣಿಕಿ ಹಾಕಿ, “ನಮ್ಮೂರ ಸ್ವಚ್ಛ ಇಟ್ಟಾರಿಲ್ಲೋ,” ಎಂದು ನೋಡುತ್ತಿದ್ದರು. ಬಾದಾಮಿ, ಇಳಕಲ್ಲು, ಮರೋಳ ಎಲ್ಲವೂ ಅವರ ಜಹಗೀರೇ.

ಊರು ಕೊಟ್ಟವನಿಗೆ ಉತ್ತರ ಹೇಳಬೇಕು, ಅದು ಕಟ್ಟೆಯ ರಿವಾಜು. ಒಂದೇ ಒಂದು ಒಗಟಿಗೆ ಮಾವ ಆ ರಿವಾಜು ಮುರಿಯುತ್ತಿದ್ದರು. ಊರು ತೆಗೆದುಕೊಳ್ಳುವರು, ಉತ್ತರ ಹೇಳುತ್ತಿರಲಿಲ್ಲ.

“ಮೂವತ್ತು ಎತ್ತು, ಏಳು ಗೂಟ. ಎಲ್ಲಾ ಎತ್ತೂ ಕಟ್ಟಬೇಕು, ಒಂದೂ ಗೂಟ ಖಾಲಿ ಇರಬಾರ್ದು. ಪ್ರತಿ ಗೂಟಕ್ಕೂ ಬೆಸ ಎತ್ತ ಇರಬೇಕು. ಒಂದರ ಇರಲಿ, ಮೂರರ ಇರಲಿ, ಐದರ ಇರಲಿ, ಸರಿ ಜೋಡಿ ಕೂಡಬಾರ್ದು. ಹ್ಯಾಂಗ ಕಟ್ತಿ?”

ಕೇಳಿದರೆ ಎಷ್ಟು ಸಲೀಸು! ಕಟ್ಟಲು ಕೂತವರೆಲ್ಲ ತಲೆ ಕೆರೆದುಕೊಂಡು ಊರು ಕೊಟ್ಟು ಎದ್ದು ಹೋಗಿದ್ದರು.

ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಮಾದೇವಿಯ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಲೆಕ್ಕದಲ್ಲಿ ಇಡೀ ಸಾಲೆಗೆ ಮೊದಲು. ಮಾಸ್ತರರು ಮನೆಯ ತನಕ ಬಂದು, ಹುಡುಗಿಯನ್ನು ಬಾಗಲಕೋಟೆಯ ಕಾಲೇಜಿಗೆ ಕಳಿಸಿ ಎಂದರು. ಅಲ್ಲಿ ನನ್ನ ತಂಗಿ ಇಂದ್ರಾಬಾಯಿಯ ಮನೆಯಿತ್ತು, ಇರಲು ತೊಂದರೆಯಿರಲಿಲ್ಲ. ಆದರೆ ಅದೇ ವಾರ ಹುನಗುಂದದಿಂದ ಸಂಬಂಧ ಕೇಳಿಕೊಂಡು ಬಂದರು. ಗಂಡನ ಹೆಸರು ಹೆಂಡತಿ ಹೇಳಬಾರದು ಅನ್ನುತ್ತಾರೆ, ನಾನು ಹೇಳುತ್ತೇನೆ, ನನ್ನ ಗಂಡ ಮಾಳಪ್ಪ. ಅವರಿಗೆ ಅಪ್ಪ ಹೇಳಿದ್ದೇ ಶಾಸನ. ಅಪ್ಪನ ಮುಖ ನೋಡುತ್ತ ಕೂತರು.

ಮಾವ ಎಲೆಗೆ ಸುಣ್ಣ ಸವರುತ್ತ ತೀರ್ಪು ಕೊಟ್ಟರು. “ಓದಾಕ ತಲಿ ಬೇಕು. ತಲಿ ಐತೋ ಇಲ್ಲೋ ನೋಡೂಣು. ಬರೂ ಸೋಮವಾರ ನನ್ನ ಎತ್ತ ಕಟ್ಟಿ ತೋರಸಲಿ. ಕಟ್ಟಿದಳೋ, ಬಾಗಲಕೋಟಿ. ಇಲ್ಲಂದ್ರ ಹುನಗುಂದ.”

ನನ್ನ ಮೈಯೆಲ್ಲ ಉರಿಯಿತು. “ಊರ ಗಂಡಸರಿಗೆ ಆಗದ್ದು ಕೂಸಿಗೆ ಹಚ್ತೀರೇನ್ರಿ ಮಾವಾರ? ಕಳಸೂ ಮನಸಿಲ್ಲಂದ್ರ ಇಲ್ಲ ಅಂತ ನೆಟ್ಟಗ ಹೇಳ್ರಿ,” ಎಂದೆ. ಗಂಡ ಕಣ್ಣು ಬಿಟ್ಟರು. ಬಿಡಲಿ, ಆ ಕಣ್ಣಿಗೆ ನಾನು ಯಾವಾಗ ಹೆದರಿದ್ದೆ? ಮಾವ ಮಾತ್ರ ಎದ್ದು ಕೊಟ್ಟಿಗೆಗೆ ಹೋದರು.

ಮಾದೇವಿ ಹುಣಸೆಬೀಜ ಎಣಿಸಿಕೊಂಡು, ಏಳು ಬಟ್ಟಲು ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಳು. ಈ ಬಟ್ಟಲಿಂದ ಆ ಬಟ್ಟಲಿಗೆ, ಆ ಬಟ್ಟಲಿಂದ ಈ ಬಟ್ಟಲಿಗೆ. ನಾನೂ ರೊಟ್ಟಿ ಬಡಿಯುತ್ತ ಮನಸ್ಸಿನಲ್ಲಿ ಎತ್ತು ಕಟ್ಟಿದೆ. ಐದೈದರಂತೆ ಕಟ್ಟಿದರೆ ಆರು ಗೂಟಕ್ಕೇ ಎತ್ತು ಮುಗಿದು ಏಳನೆಯದು ಖಾಲಿ. ಅದಕ್ಕೆ ಒಂದು ತಂದು ಕಟ್ಟಿದರೆ ಇನ್ನೊಂದು ಗೂಟ ಕೆಡುತ್ತದೆ. ರೊಟ್ಟಿ ಸೀದದ್ದೇ ಬಂತು. ಕೊನೆಗೆ, “ಒಂದ ಎತ್ತಿನ ಬದಲಿ ಗಬ್ಬದ ಆಕಳಾ ಕಟ್ಟು, ಹೊಟ್ಟ್ಯಾಗಿನ ಕರಾನೂ ಎಣಸು,” ಎಂದೆ. ಮಾದೇವಿ ಬಿದ್ದು ಬಿದ್ದು ನಕ್ಕಳು. “ಯವ್ವಾ, ಮುತ್ಯಾ ಎತ್ತ ಅಂದಾನ. ಎತ್ತ ಎಲ್ಲೆರ ಗಬ್ಬ ಆಗತಾವೇನ?”

ಗುರುವಾರದ ಹೊತ್ತಿಗೆ ಅವಳು ಬೀಜ ಮುಟ್ಟುವುದನ್ನೇ ಬಿಟ್ಟಳು. ಸುಮ್ಮನೆ ಬಟ್ಟಲು ನೋಡುತ್ತ ಕೂತಿರುವಳು. ಕೈಬಿಟ್ಟಳೆಂದು ನನಗೆ ಸಿಟ್ಟು ಬಂತು. “ಹುನಗುಂದದ ಸೀರಿ ಬೇಕಾತೇನ ನಿನಗ?” ಎಂದು ಬೈದೆ.

“ಇದು ಬರೂದಿಲ್ಲ ಯವ್ವಾ.”

“ನಿನಗ ಬರೂದಿಲ್ಲೇನ?”

“ಯಾರಿಗೂ ಬರೂದಿಲ್ಲ.”

ಬರುವುದಿಲ್ಲ ಎಂದರೆ ಸೋತಂತೆ, ಕಟ್ಟೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಮಗಳ ಬಟ್ಟೆ ಗಂಟು ಕಟ್ಟಬೇಕಾದದ್ದು ಹುನಗುಂದಕ್ಕೇ ಎಂದು ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ.

ಸೋಮವಾರ ಕಟ್ಟೆ ತುಂಬಿತು. ಯಾಕೂಬಸಾಬರು ಮಷೀನು ನಿಲ್ಲಿಸಿ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದರು. ಮಾದೇವಿ ಉಡಿಯಲ್ಲಿ ಬೀಜ ತಂದು ಅಜ್ಜನ ಎದುರು ಸುರಿದಳು.

“ಕಟ್ಟು,” ಎಂದರು ಮಾವ.

“ಕಟ್ಟಾಕ ಬರೂದಿಲ್ಲ ಮುತ್ಯಾ.”

“ಹಂಗಾರ ಸೋತಿ. ಊರ ಕೊಡು.”

“ಸೋತಿಲ್ಲ. ಊರೂ ಕೊಡೂದಿಲ್ಲ. ಇದಕ್ಕ ಉತ್ತರನ ಇಲ್ಲ.”

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಉತ್ತರವಿಲ್ಲದ ಒಗಟು ಉಂಟೇ? ಹಾಗೆ ಅನ್ನುವ ಧೈರ್ಯ ಆ ತನಕ ಒಬ್ಬ ಗಂಡಸಿಗೂ ಬಂದಿರಲಿಲ್ಲ. “ಏ ಮಾದೇವಿ, ಬಾಯಿ ಮುಚ್ಚು, ಒಳಗ ನಡಿ,” ಎಂದು ನನ್ನ ಗಂಡ ಎದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಂದ ಹೊರಗೆ ಬಂದೆ. “ಹೇಳಾಕ ಬಿಡ್ರಿ ಆಕಿಗೆ!” ಎಂದೆ. ನನ್ನ ದನಿ ಬೀದಿಯ ಕೊನೆಗೆ ಕೇಳಿರಬೇಕು. ಗಂಡ ಹಾಗೇ ಕೂತರು.

ಮಾದೇವಿ ಮುತ್ಯಾನ ಹತ್ತಿರ ಸರಿದು ಕೂತಳು. “ಮುತ್ಯಾ, ನೀ ಗಳೇ ಹೊಡದು ಹೊಲಾ ಉಳಾಂವ, ನಿನ್ನ ರೀತೀಲೆನ ಹೇಳ್ತೇನಿ. ಎಲ್ಲಾ ಗೂಟಕ್ಕೂ ಬೆಸ ಎತ್ತ ಕಟ್ಟಿ ಮುಗದೈತಿ ಅಂತ ತಿಳಕೋ. ಈಗ ಒಂದೊಂದು ಗೂಟದ್ದು ಜೋಡಿ ಜೋಡಿ ಬಿಚ್ಚಿ ಹೊಲಕ್ಕ ಹೊಡಿ. ಗೂಟಕ್ಕ ಎಷ್ಟ ಉಳೀತಾವ?”

“ಬೆಸ ಇದ್ರ ಒಂದು ಉಳೀತೈತಿ.”

“ಏಳೂ ಗೂಟಕ್ಕ?”

“ಒಂದೊಂದು. ಏಳು ಎತ್ತ.”

“ಆ ಏಳನ್ನೂ ಜೋಡಿ ಮಾಡು.”

ಮಾವ ಬೆರಳು ಮಡಚಿದರು. “ಮೂರು ಜೋಡಿ. ಒಂದು ಒಂಟಿ ಉಳೀತು.”

“ನಿನ್ನ ಮೂವತ್ತು ಎತ್ತಿನಾಗ ಒಂಟಿ ಎತ್ತ ಐತೇನ ಮುತ್ಯಾ? ಮೂವತ್ತಂದ್ರ ಹದಿನೈದು ಜೋಡಿ. ಒಂದೂ ಉಳಿಯೂಹಂಗಿಲ್ಲ. ಹೆಂಗರ ಕಟ್ಟು, ಗೂಟ ಏಳು ಇರೂ ತನಕಾ ಆ ಒಂಟಿ ಎತ್ತ ಬಂದ ನಿಂದರತೈತಿ. ಮೂವತ್ತೊಂದು ಎತ್ತ ಕೊಡು, ಈಗ ಕಟ್ತೇನಿ.”

ಮೊದಲು ತಿಳಿದದ್ದು ಯಾಕೂಬಸಾಬರಿಗೆ. ತೊಡೆ ತಟ್ಟಿ ಎದ್ದು ನಿಂತರು. “ಶಾಭಾಸ್ ಬೇಟಾ! ಏ ರಾಚ್ಯಾ, ನನ್ನ ಕಲಾದಗಿ ತಿರುಗಿ ಕೊಡಲೇ!”

ಕಟ್ಟೆಯೆಲ್ಲ ನಕ್ಕಿತು. ಮಾವ ನಗಲಿಲ್ಲ. ಮುಖ ಕೆಂಪಗಾಗಿತ್ತು. “ನಮ್ಮಪ್ಪ ಹಾಕಿದ ಒಗಟದು. ನಮ್ಮಪ್ಪ ಸುಳ್ಳ ಹೇಳಿದಾ ಅಂತೀಯೇನ?”

ನನಗೆ ತಡೆಯಲಾಗಲಿಲ್ಲ. “ಹಂಗಾರ ನೀವ ಕಟ್ಟಿ ತೋರಸ್ರಿ ಮಾವಾರ. ಉತ್ತರ ನಿಮ್ಮ ಹತ್ರ ಐತೆಲಾ!”

ಮಾವ ಬೀಜಕ್ಕೆ ಕೈ ಹಾಕಿದರು. ಒಂದು ಗುಂಪು ಮಾಡಿದರು, ಇನ್ನೊಂದು ಮಾಡಿದರು, ಮೂರನೆಯದಕ್ಕೆ ಕೈ ನಿಂತಿತು. ತಲೆ ಎತ್ತಲೇ ಇಲ್ಲ.

“ನನಗೂ ಗೊತ್ತಿಲ್ಲ,” ಎಂದರು.

ಆ ಮೇಲೆ ಮಾವ ಬೀಜಗಳಿಗೇ ಹೇಳುವವರಂತೆ ಹೇಳಿದರು. “ಸಾಲ್ಯಾಗ ನಾಕನೇ ಇಯತ್ತೆ ಮುಗದಿತ್ತು ನಂದು. ಹುಡುಗ ಶಾಣ್ಯಾ ಅದಾನ, ಬಾಗಲಕೋಟಿ ಸಾಲಿಗೆ ಕಳಸ್ರಿ ಅಂತ ಮಾಸ್ತರ ಬಂದಿದ್ದ. ಈ ಎತ್ತ ಕಟ್ಟಿ ತೋರಸು, ಕಳಸ್ತೇನಿ ಅಂದ ನಮ್ಮಪ್ಪ. ಕಟ್ಟಾಕ ಆಗಲಿಲ್ಲ. ನೀ ಮಡ್ಡ ಅದೀ, ತಲಿ ಇಲ್ಲ, ಗಳೇ ಹಿಡಿ ಅಂದ. ಹಿಡದೆ. ಇವತ್ತಿನ ತನಕಾ ಹುಡುಕಾಕತ್ತೇನಿ. ಬಿತ್ತೂವಾಗ ಹುಡುಕೇನಿ, ಉಣ್ಣೂವಾಗ ಹುಡುಕೇನಿ. ಈ ಹುಡುಗಿಯಾದ್ರೂ ಬಿಡಿಸಿದ್ರ ಸಾಯೂದ್ರಾಗ ಉತ್ತರ ತಿಳೀತೈತಿ ಅಂತ ಆಸೆ ಮಾಡಿದ್ನಿ.”

ನನ್ನ ಸಿಟ್ಟು ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ. ಆ ಮುದುಕನ ಮೇಲೆ ಎಂದೂ ಇಲ್ಲದ ಮರುಕ ಬಂತು. ಎಷ್ಟೋ ಮಂದಿಯಿಂದ ಊರು ಗೆದ್ದ ಮನುಷ್ಯ, ತನ್ನನ್ನೇ ಮಡ್ಡನೆಂದು ನಂಬಿಕೊಂಡು ಬಾಳಿದ್ದ.

ಮಾದೇವಿ ಮುತ್ಯಾನ ಕೈ ಹಿಡಿದಳು. “ಇಲ್ಲದ್ದು ಹ್ಯಾಂಗ ಸಿಕ್ಕೀತು ಮುತ್ಯಾ? ನೀ ಹುಡುಕಿದ್ದು ಬರೋಬರಿ ಐತಿ. ಸಿಗಲಿಲ್ಲ ಅಂದದ್ದ ಖರೇ ಉತ್ತರ.”

ಮಾವ ಏಳು ಬೀಜ ಆರಿಸಿ ನೆಲದ ಮೇಲೆ ಇಟ್ಟರು. ಜೋಡಿ, ಜೋಡಿ, ಜೋಡಿ. ಒಂದು ಉಳಿಯಿತು. ಆ ಒಂದನ್ನು ಎತ್ತಿ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

“ಹಂಗಾರ ನಾ ಮಡ್ಡ ಅಲ್ಲ,” ಎಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, “ಯಾಕೂಬಾ, ಕೇಳ್ದೇನಲೇ? ನಾ ಮಡ್ಡ ಅಲ್ಲಲೇ!”

“ಅಲ್ಲಲೇ ರಾಚ್ಯಾ, ಎಂದ ಇದ್ದಿ?” ಯಾಕೂಬಸಾಬರ ಕಣ್ಣೂ ತುಂಬಿದ್ದವು. “ಮಡ್ಡ ಇದ್ದಿದ್ರ ನನ್ನ ಇಷ್ಟೆಲ್ಲಾ ಊರು ಹ್ಯಾಂಗ ಹೊಡೀತಿದ್ದಿ?”

ಮಾವ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, ಬಾಗಿಲಲ್ಲಿ ನಿಂತ ನನ್ನನ್ನೂ ಕಟ್ಟೆಯ ಮೇಲಿದ್ದ ತಮ್ಮ ಮಗನನ್ನೂ ನೋಡಿದರು. “ಮಾಳಪ್ಪಾ, ಹುನಗುಂದದಾವರಿಗೆ ಈಗ ಬ್ಯಾಡ ಅಂತ ಹೇಳಿ ಕಳಸು. ಬಾಗಲಕೋಟಿಗೆ ಇಕಿನ್ನ ನಾನ ಕರಕೊಂಡ ಹೋಗ್ತೇನಿ. ಸಂತೀಗೆ ಅಂತ ಭಾಳ ಸಲ ಹೋಗೇನಿ. ಸಾಲಿ ಇರೂ ಓಣಿಗೆ ಮಾತ್ರ ಕಾಲಿಟ್ಟಿಲ್ಲ, ನಾಚಿಕಿ ಬರ್ತಿತ್ತು. ಇನ್ನ ಯಾಕ ನಾಚಲಿ?”

ಜೂನ್ ತಿಂಗಳಲ್ಲಿ ಇಬ್ಬರನ್ನೂ ಬಸ್ಸಿಗೆ ಹತ್ತಿಸಲು ನಾನೇ ಹೋಗಿದ್ದೆ. ಮಗಳ ಕಡೆ ನೋಡಲೋ ಮಾವನವರ ಕಡೆ ನೋಡಲೋ ತಿಳಿಯದಷ್ಟು ಹೆಮ್ಮೆ ನನಗೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರುಮಾಲು ಬಿಗಿದು, ಮೊಮ್ಮಗಳ ಪಕ್ಕದಲ್ಲಿ ನೆಟ್ಟಗೆ ಕೂತಿದ್ದರು. ಮುಂದಿನ ಸೀಟಿನವರು ತಿರುಗಿ, “ಯಜಮಾನ್ರ, ಎಲ್ಲಿಗೆ ಹೊಂಟೀರಿ?” ಎಂದು ಕೇಳಿದರು.

“ಸಾಲಿಗೆ,” ಎಂದರು ಮಾವ.