ಎಲೆಗೆ ಎರಡು ನುಸಿ

ಕಿತ್ತಳೆ ತೋಟದಲ್ಲಿ ಹೆಂಡತಿ ಮೇಲ್ವಿಚಾರಕಿ, ಗಂಡ ನುಸಿ ಎಣಿಸುವವನು. ಇಪ್ಪತ್ತೆರಡು ವರ್ಷದಿಂದ ಪ್ರತಿ ಸೋಮವಾರ ಅವನು ನೂರು ಎಲೆ ಕಿತ್ತು ತಂದು ಭೂತಗನ್ನಡಿಯಡಿ ಇಡುತ್ತಿದ್ದ. ರಸ ಹೀರುವ ಕೆಂಪು ನುಸಿ ಎಷ್ಟು, ಅದನ್ನು ತಿನ್ನುವ ಬೇಟೆ ನುಸಿ ಎಷ್ಟು ಎಂದು ಅವನು ಹೇಳುತ್ತಿದ್ದ, ಪಕ್ಕದಲ್ಲಿ ಕೂತು ಅವಳು ಬರೆದುಕೊಳ್ಳುತ್ತಿದ್ದಳು. ಎಲೆಗೆ ಐದು ಕೆಂಪು ನುಸಿ ದಾಟಿದರೆ ಔಷಧಿ ಹೊಡೆಸಬೇಕು. ದಾಟದಿದ್ದರೆ ಕೈಕಟ್ಟಿ ಕೂರಬೇಕು, ಏಕೆಂದರೆ ಔಷಧಿ ಮೊದಲು ಕೊಲ್ಲುವುದು ಬೇಟೆ ನುಸಿಯನ್ನೇ. ಕೈಕಟ್ಟಿ ಕೂರುವುದೇನು ಹುಡುಗಾಟವೇ? ಗಂಡನ ಕಣ್ಣು ನಂಬಿ ಅವಳು ಕೂರುತ್ತಿದ್ದಳು.

ಈ ವರ್ಷವೂ ಅವನ ಲೆಕ್ಕ ಬಿಸಿಲಿಗೆ ಏರಿ, ಮೊದಲ ಮಳೆಗೆ ಇಳಿಯಿತು: ನಾಲ್ಕು, ಮೂರು, ಎರಡು. "ನಮ್ಮನೆಯವರದು ಹದ್ದಿನ ಕಣ್ಣು" ಎಂದು ಮಾಲೀಕಳ ಮುಂದೆ ಜಂಬ ಬೇರೆ ಕೊಚ್ಚಿಕೊಂಡಳು.

ಒಂದು ಗುರುವಾರ ನೋಡಿದರೆ ಮೂರನೇ ಸಾಲಿನ ಎಲೆಗಳೆಲ್ಲ ಬೂದಿ ಬಡಿದಂತೆ ಮಂಕಾಗಿವೆ, ಎಳೆಗಾಯಿ ನೆಲದ ತುಂಬ ಉದುರಿವೆ. ಒಂದೆಲೆ ಕಿತ್ತು ತಾನೇ ಎಣಿಸಿದಳು. ಮೂವತ್ತೊಂದು.

ಶೆಡ್ಡಿಗೆ ಬಂದು ಅದೇ ಎಲೆಯನ್ನು ಗಂಡನ ಮುಂದಿಟ್ಟಳು. ಅವನು ಬಗ್ಗಿ, ಭೂತಗನ್ನಡಿಯ ತಿರುಪನ್ನು ಹಿಂದೆ ಮುಂದೆ ತಿರುಗಿಸಿದ. ಶಾಸ್ತ್ರಕ್ಕೆ ತಿರುಗಿಸಿದ, ಪುಣ್ಯಾತ್ಮ.

"ಎರಡು."

"ಇನ್ನೊಂದ್ಸಲ ನೋಡ್ರಿ."

"ಎರಡೇ ಕಣೆ. ಮಳೆ ಬಿದ್ಮೇಲೆ ಅಷ್ಟೇ ಇರೋದು."

ಅವಳು ಎಲೆ ತೆಗೆದು, ಗೊಬ್ಬರದ ಚೀಟಿಯಿಂದ ಹಸಿರು ಕಾಗದದ ಚೂರೊಂದನ್ನು ಹರಿದು ಅಲ್ಲಿಟ್ಟಳು. "ಇದರಲ್ಲಿ?"

"ಒಂದು," ಎಂದ.

ಅವಳು ಆ ಚೂರನ್ನೆತ್ತಿ ಅವನ ಬೆರಳಿಗೆ ತಾಗಿಸಿದಳು. ಕಾಗದವೆಂದು ಅವನಿಗೆ ತಿಳಿಯಿತು, ಕೈಗಳನ್ನು ಮೇಜಿನಿಂದ ತೆಗೆದುಬಿಟ್ಟ.

"ಕಣ್ಣ ನಡುವೆ ಕಪ್ಪು ಕೂತಿದೆ. ಅಂಚು ಮಾತ್ರ ಕಾಣುತ್ತೆ. ಡಾಕ್ಟ್ರು ವಾಸಿಯಾಗಲ್ಲ ಅಂದ್ರು."

ನುಸಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎನ್ನುವುದು ಅವನಿಗೆ ಮಗ್ಗಿಯಷ್ಟೇ ಬಾಯಿಪಾಠ. ನಾಲ್ಕು ತಿಂಗಳಿಂದ ಅದನ್ನೇ ಒಪ್ಪಿಸುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಈ ಸಲ ಮಳೆ ಒಂದೇ ದಿನ ಬಂದು ಕೈಕೊಟ್ಟಿತ್ತು, ನುಸಿ ಇಳಿದೇ ಇರಲಿಲ್ಲ.

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಈ ಸ್ಟೂಲಲ್ಲಿ ಬೇರೆಯವರು ಕೂರ್ತಿದ್ರು. ನಿನ್ನ ಪಕ್ಕ ಕೂರೋಕೆ ನನಗೆ ಇದೊಂದೇ ಕೆಲಸ ಗೊತ್ತಿರೋದು."

ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಬರಲಿಲ್ಲ. ಅವನ ಮುಖ ಅವಳತ್ತಲೇ ಇತ್ತು, ನೋಟ ಮಾತ್ರ ಅವಳ ಕಿವಿಯಾಚೆಗೆ ಹೋಗುತ್ತಿತ್ತು. ಒಂದೇ ಮನೆಯಲ್ಲಿದ್ದೂ ಇದನ್ನು ಗಮನಿಸಲಿಲ್ಲವಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು.

"ನಾನು? ನಾನು ಕಾಣ್ತೀನಾ?"

ಅವನು ಹೇಳಿದ, "ನೀನು ಹೋದ ವರ್ಷದ ಹಾಗೇ ಇದೀಯ."

ಅವಳು ಗಳಗಳನೆ ಅತ್ತಳು. ಆದರೂ ಉಳಿದ ಮರಗಳು ಕಾಯುವುದಿಲ್ಲ. ಮೂಗೊರೆಸಿಕೊಂಡು ಮಾಲೀಕಳಿಗೆ ಫೋನ್ ಮಾಡಿದಳು. ನಾಳೆ ಬೆಳಿಗ್ಗೆಯೇ ಔಷಧಿ ಹೊಡೆಸಬೇಕು, ಸೋಮವಾರದಿಂದ ಎಣಿಸಲು ಹೊಸಬರು ಬೇಕು ಎಂದಳು. ಅವನು ಸ್ಟೂಲಿನಲ್ಲಿ ಕೂತೇ ಎಲ್ಲ ಕೇಳಿಸಿಕೊಂಡ.