ಎಣ್ಣೆಗೆಂಪು

ನಮ್ಮ ಕಡೆ ಹೆಣ್ಣಿನ ಬಣ್ಣ ಹೇಳುವಾಗ 'ಕಪ್ಪು' ಎಂಬ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ಎಮ್ಮೆ ಕಪ್ಪು, ಕಂಬಳಿ ಕಪ್ಪು, ರಾಗಿಮುದ್ದೆ ಕೂಡ ಕಪ್ಪು. ಹೆಣ್ಣು ಮಾತ್ರ ಎಣ್ಣೆಗೆಂಪು. ನನ್ನ ಸಂಬಂಧ ಕುದುರಿಸಿದ ಜವರಯ್ಯ ಕಿರುಗಾವಲಿನ ಗಂಡಿನ ಮನೆಯಲ್ಲಿ ಅದನ್ನೇ ಹೇಳಿ ಬಂದಿದ್ದ. ಗಂಡು ಸಂತೋಷ್, ಲೈನ್‌ಮನ್. ತಂದೆಯ ಜೊತೆ ನಮ್ಮೂರು ಕೊಪ್ಪಕ್ಕೆ ಬಂದು ನನ್ನನ್ನು ಕಣ್ಣಾರೆ ನೋಡಿ ಒಪ್ಪಿ ಹೋಗಿದ್ದ. ಅವನ ತಾಯಿ ಮಾಯಮ್ಮನಿಗೆ ಮಂಡಿನೋವು, ಬಂದಿರಲಿಲ್ಲ. ಅವರ ಪಾಲಿಗೆ ನಾನಿನ್ನೂ ಜವರಯ್ಯನ ಬಾಯಿಮಾತು.

ಅವರು ನನ್ನನ್ನು ಮೊದಲ ಸಲ ನೋಡುವುದು ಮದ್ದೂರಿನ ಛತ್ರದಲ್ಲಿ, ನಿಶ್ಚಿತಾರ್ಥದ ದಿನ. ನಮ್ಮ ಮನೆಯ ಯಜಮಾನಿಕೆಯೆಲ್ಲ ದೊಡ್ಡಮ್ಮ ಶಿವನಂಜಮ್ಮನದು. ಅವಳಿಗೆ ನಿದ್ದೆ ಹಾರಿಹೋಗಿತ್ತು.

"ಅವತ್ತೊಂದಿನ ಬೆಳ್ಳುಗ್ ಕಂಡ್ಬುಡು ಕಣವ್ವ ನಾಗು. ಆಮೇಲ್ ಎಂಗಾರ ಇರು."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್. ನೀರು ಬೆರೆಸಿದ ಹಾಲು ಯಾರದೇ ಆಗಲಿ, ಅಧ್ಯಕ್ಷರ ಮನೆಯದೇ ಆಗಲಿ, ಮುಲಾಜಿಲ್ಲದೆ ವಾಪಸ್ ಕಳಿಸುತ್ತೇನೆ. ಇಲ್ಲಿ ನನ್ನ ಮನೆಯವರೇ ನನಗೆ ನೀರು ಬೆರೆಸಲು ನಿಂತಿದ್ದರು.

ಅಕ್ಕ ಅರ್ಪಿತಳಿಗೆ ಹಾಗೇ ಮಾಡಿದ್ದರು. ಅವಳ ಮದುವೆಯಲ್ಲಿ ಪಾರ್ಲರಿನವಳು ಮುಖಕ್ಕೆ ಬಳಿದದ್ದು ಸುಣ್ಣವೋ ಬೂದಿಯೋ ದೇವರಿಗೇ ಗೊತ್ತು. ಅದರ ಮೇಲೆ ಕೆನ್ನೆಗೆ ರೋಜಾ ಬಣ್ಣದ ಬ್ಲಶ್ ಬೇರೆ. ಆಲ್ಬಮ್ಮಿನಲ್ಲಿ ಮುಖದ್ದು ಒಂದು ಬಣ್ಣ, ಕೈಯದು ಇನ್ನೊಂದು. ಹೋದ ವರ್ಷ ಅವಳ ಮಗಳು ಗಗನ ತೊಡೆಯ ಮೇಲೆ ಕೂತು ಪುಟ ತಿರುಗಿಸುತ್ತಾ, "ಅವ್ವ, ಅಪ್ಪನ್ ಪಕ್ಕ ಇರೋ ಆಂಟಿ ಯಾರು?" ಎಂದಳು. ಅಕ್ಕ ನಕ್ಕಳು. ಆಮೇಲೆ ಬೀರು ಸೇರಿದ ಆ ಆಲ್ಬಮ್ ಇವತ್ತಿಗೂ ಹೊರಗೆ ಬಂದಿಲ್ಲ. ನನ್ನ ಫೋಟೋದಲ್ಲಿ ನಾನೇ ಇರಬೇಕೆಂದು ನಾನು ಹಟ ಹಿಡಿದದ್ದು ಅವತ್ತಿನಿಂದ.

ಹಾಗೆಂದು ಅಲಂಕಾರ ಬೇಡ ಎನ್ನುವವಳಲ್ಲ ನಾನು. ಕಾಡಿಗೆ ಬೇಕು, ಲಿಪ್‌ಸ್ಟಿಕ್ ಬೇಕು, ಮೊಳಗಟ್ಟಲೆ ಮಲ್ಲಿಗೆ ಬೇಕು. ಕೆನ್ನೆಗೆ ಒಂದು ಪೌಡರ್ ಬ್ಲಶ್ ಕೂಡ ಬೇಕಿತ್ತು, ನನ್ನ ಬಣ್ಣಕ್ಕೆ ಒಪ್ಪುವಂಥದ್ದು. ಇದೇನು ದೊಡ್ಡ ಆಸೆಯೇ?

ಮಳವಳ್ಳಿಯ ಫ್ಯಾನ್ಸಿ ಸ್ಟೋರಿನವನು ನಾನು ಕೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಮುಖ ನೋಡಿದ, ಬೆಳ್ಳಗಾಗುವ ಕ್ರೀಮಿನ ಟ್ಯೂಬು ತೆಗೆದು ಗಾಜಿನ ಮೇಲಿಟ್ಟ. "ಮೊದ್ಲು ಇದ ಅಚ್ಚಿ ಮೇಡಂ. ಬಣ್ಣ ತಿರುಗ್ಲಿ. ಆಮೇಲೆ ಬ್ಲಸ್ಸು." ಬಣ್ಣ ತಿರುಗಲು ನಾನೇನು ಮಾವಿನಕಾಯಿಯೇ ಎಂದು ಕೇಳಿ ಬಂದೆ.

ಅದನ್ನೇ ಹುಡುಕಿ ಮದ್ದೂರಿಗೆ ಹೋದಾಗ ದೊಡ್ಡಮ್ಮನೂ ಬಂದಳು. ಅಂಗಡಿ ತುಂಬ ಜನ. ಅಷ್ಟು ಜನರೆದುರು 'ಕಪ್ಪು' ಎನ್ನಲು ನಾಲಿಗೆ ಬರದೆ, "ಎಣ್ಣೆಗೆಂಪಿಂದು ಒಂದ್ ಕೊಡಪ್ಪ" ಎಂದು ಪಿಸುಗುಟ್ಟಿದಳು. ಅಂಗಡಿಯವನು ಒಂದು ಸೀಸೆ ತಂದಿಟ್ಟ. ನೋಡಿದರೆ ತಲೆಗೆ ಹಚ್ಚುವ ಕೆಂಪೆಣ್ಣೆ! ನಾನು ಹೊಟ್ಟೆ ಹಿಡಿದು ನಕ್ಕೆ. ದೊಡ್ಡಮ್ಮ ನನ್ನ ಕೈ ಹಿಡಿದು ದರದರ ಹೊರಗೆಳೆದಳು.

ಕೊನೆಗೆ ಮಂಡ್ಯದ ಪೇಟೆಬೀದಿ. ಅಂಗಡಿಯ ಹುಡುಗಿ ಚಂದನ ಇದ್ದಬದ್ದ ಡಬ್ಬಿಯನ್ನೆಲ್ಲ ತೆರೆದಳು. ಎಲ್ಲವೂ ತೆಳು ರೋಜಾ. ಕೆನ್ನೆಗೆ ಹಾಕಿದರೆ ಕರಿಹಲಗೆಯ ಡಸ್ಟರ್ ಒರೆಸಿದ ಹಾಗೆ. "ಇದಕ್ಕಿಂತ ಗಾಢವಾದದ್ದು ಇಲ್ವಾ?" ಎಂದೆ. ಅವಳು ಅನುಮಾನಿಸುತ್ತಲೇ ಕೌಂಟರಿನ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದಳು.

"ಇದ್ಯಾರೂ ತಗಳಲ್ಲ ಅಕ್ಕ. ನೋಡುದ್ರೇ ಎದ್ರುಕತಾರೆ. ವಾಪಸ್ ಕಳ್ಸೋ ಮಾಲು."

ಡಬ್ಬಿಯೊಳಗೆ ಸುಟ್ಟ ಇಟ್ಟಿಗೆಯ ಪುಡಿಯಂಥ ಬಣ್ಣ. ನನಗೂ ಒಂದು ಕ್ಷಣ ಅಳುಕಾಯಿತು. ಬ್ರಶ್ಶಿಗೆ ತುಸುವೇ ಮುಟ್ಟಿಸಿ, ಕೊಡವಿ, ಕೆನ್ನೆಯ ಉಬ್ಬಿನಿಂದ ಕಿವಿಯ ಕಡೆಗೆ ಎಳೆದೆ. ಕನ್ನಡಿಯಲ್ಲಿ ಇಟ್ಟಿಗೆಯೂ ಇಲ್ಲ, ಪುಡಿಯೂ ಇಲ್ಲ. ಬೆಳಗಿನ ಚಳಿಯಲ್ಲಿ ಸೈಕಲ್ ತುಳಿದು ಡೇರಿಗೆ ಬಂದಾಗ ನನ್ನ ಕೆನ್ನೆ ಹೇಗಿರುತ್ತದೋ ಹಾಗೇ ಇತ್ತು. ಡಬ್ಬಿಯಲ್ಲಿ ಹೆದರಿಸಿದ ಬಣ್ಣ ನನ್ನ ಚರ್ಮದ ಮೇಲೆ ರಕ್ತವಾಗಿತ್ತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಸಿಟ್ಟೂ ಒತ್ತರಿಸಿ ಬಂತು. ಈ ಜಿಲ್ಲೆಯ ಗದ್ದೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಎಲ್ಲಿ ನೋಡಿದರೂ ನನ್ನ ಬಣ್ಣದ ಹೆಂಗಸರು. ಅವರ ಕೆನ್ನೆಯ ಬಣ್ಣ ಮಾತ್ರ ಕೌಂಟರಿನ ಕೆಳಗೆ!

ನಿಶ್ಚಿತಾರ್ಥದ ದಿನ ಮಾಯಮ್ಮ ಕುಂಟುತ್ತಾ ಬಂದು ಮುಂದಿನ ಸಾಲಿನಲ್ಲಿ ಕೂತರು. ಗಂಡಿನ ಕಡೆಯವರ ತಟ್ಟೆಗಳು ಒಂದೊಂದಾಗಿ ಬಂದವು: ಸೀರೆ, ಬಳೆ, ಹಣ್ಣು, ಹೂವು, ಜೊತೆಗೆ ಮಿರಮಿರ ಕಾಗದ ಸುತ್ತಿದ ಒಂದು ಮೇಕಪ್ ಸೆಟ್ಟು. ಅವರು ತಂದದ್ದನ್ನು ಉಟ್ಟು ತೊಟ್ಟು ಹೆಣ್ಣು ಹಸೆಗೆ ಬರಬೇಕು, ಅದು ಶಾಸ್ತ್ರ. ಒಳಗೆ ಕೋಣೆಯಲ್ಲಿ ದೊಡ್ಡಮ್ಮ ಸೆಟ್ಟು ಬಿಚ್ಚಿದಳು. ಅಕ್ಕಿಹಿಟ್ಟಿನಂಥ ಪೌಡರ್, ಮತ್ತೆ ಅದೇ ರೋಜಾ ಬ್ಲಶ್. ಎಣ್ಣೆಗೆಂಪು ಎಂಬ ಮಾತು ನಂಬಿ ಮಾಯಮ್ಮ ತಂದದ್ದು.

"ನನ್ನ ಹತ್ರ ನನ್ನದಿದೆ" ಎಂದೆ.

"ಅವ್ರು ತಂದುದ್ದ ಆಕ್ಕಳ್ದೆ ಓದ್ರೆ ಅವ್ಮಾನ ಕಣವ್ವ! ಮಾಯಮ್ಮ ಎದ್ದೋಯ್ತಾಳೆ, ಸಂಬಂದ ಮುರ್ದೋಯ್ತದೆ." ಹೇಳುತ್ತಲೇ ದೊಡ್ಡಮ್ಮ ತನ್ನ ಕೈಯಾರೆ ಮೆತ್ತಿ ಮುಗಿಸಿದಳು.

ಕನ್ನಡಿ ನೋಡಿದೆ. ಅಕ್ಕನ ಆಲ್ಬಮ್ಮಿನ ಆಂಟಿ ಅಲ್ಲಿ ಕೂತಿದ್ದಳು. ಬಾಗಿಲಲ್ಲಿ ನಿಂತಿದ್ದ ಅಕ್ಕನೂ ನೋಡಿದಳು. ಒಳಗೆ ಬಂದು ಒಂದು ಚೊಂಬು ನೀರು, ಟವೆಲ್ ನನ್ನ ಮುಂದಿಟ್ಟಳು. ದೊಡ್ಡಮ್ಮ ಹಣೆ ಹಣೆ ಚಚ್ಚಿಕೊಂಡಳು. ನಾನು ಮುಖ ತೊಳೆದೆ. ಅವರ ಸೀರೆ ಉಟ್ಟೆ, ಅವರ ಬಳೆ ತೊಟ್ಟೆ, ನನ್ನ ಇಟ್ಟಿಗೆ ಬಣ್ಣ ಹಚ್ಚಿಕೊಂಡು ಹೊರಗೆ ಬಂದೆ.

ಮಾಯಮ್ಮ ಹತ್ತಿರ ಕರೆದರು. ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. "ಜವ್ರಯ್ಯ ಎಣ್ಣೆಗೆಂಪು ಅಂದಿದ್ದ" ಎಂದರು, ನಿಧಾನವಾಗಿ.

"ಊಂ ಕಣವ್ವ, ಎಣ್ಣೆಗೆಂಪೇಯ. ಈ ಲೈಟ್ಗೆ ಅಂಗ್ ಕಾಣ್ತದೆ" ಎಂದಳು ದೊಡ್ಡಮ್ಮ ಗಡಬಡಿಸಿ.

ನನಗೆ ತಡೆಯಲಾಗಲಿಲ್ಲ. "ಎಣ್ಣೆಗೆಂಪಲ್ಲ ದೊಡ್ಡವ್ವ, ಕಪ್ಪು. ಕೆಂಪು ನಾನ್ ಅಚ್ಕಂಡಿರೋದು."

ಸಂತೋಷ್ ನನ್ನನ್ನೇ ನೋಡುತ್ತಿದ್ದ. ಜವರಯ್ಯ ಕಂಬದ ಮರೆಗೆ ಸರಿದ. ಆಗಲೇ ನಾನು ಮಾಯಮ್ಮನ ಮುಖವನ್ನು ಸರಿಯಾಗಿ ನೋಡಿದ್ದು. ನನ್ನಷ್ಟೇ ಕಪ್ಪು. ಕೆನ್ನೆಯ ಮೇಲೆ ಅದೇ ತೆಳು ರೋಜಾ, ಹಿಟ್ಟು ಚೆಲ್ಲಿದ ಹಾಗೆ.

"ನನ್ನೂ ಎಣ್ಣೆಗೆಂಪು ಅಂತ ಏಳೇ ತಂದುದ್ರು" ಎಂದರು ಮಾಯಮ್ಮ. "ಸುಳ್ ಏಳ್ದೋನು ಒಬ್ಬ, ಬೈಸ್ಕಂಡೋಳು ನಾನು. ಮೋಸ ಮಾಡಿ ಕರಿಯೋಳ್ನ ಕಟ್ಬುಟ್ರು ಅಂತ ನಮ್ಮತ್ತೆ ಸಾಯಗಂಟ ಅಂದ್ಲು. ನೀನು ಬಾಯ್ಬುಟ್ಟು ಏಳ್ಬುಟ್ಟಲ್ಲ, ನಿನ್ನ ಯಾರೂ ಅಂಗನ್ನಂಗಿಲ್ಲ." ತಟ್ಟೆಯಿಂದ ಕುಂಕುಮ ತೆಗೆದು ನನ್ನ ಹಣೆಗಿಟ್ಟರು. ಹೂ ಮುಡಿಸುವ ನೆಪದಲ್ಲಿ ಕಿವಿಯ ಬಳಿ ಬಗ್ಗಿದರು.

"ಈ ಕೆನ್ನೆ ಬಣ್ಣವ ಎಲ್ಲಿ ತಗಂಡ್ಯವ್ವ?"

"ಮಂಡ್ಯದಲ್ಲಿ. ವಾಪಸ್ ಕಳ್ಸೋ ಪೆಟ್ಗೇಲಿ ಬಿದ್ದಿತ್ತು."

ಮಾಯಮ್ಮ ಸೆರಗಿನ ತುದಿಯಿಂದ ತಮ್ಮ ಕೆನ್ನೆಯ ರೋಜಾವನ್ನು ಗಸಗಸ ಒರೆಸಿಕೊಂಡರು. ಆಮೇಲೆ ಇಡೀ ಛತ್ರಕ್ಕೆ ಕೇಳುವ ಹಾಗೆ ಕೇಳಿದರು:

"ಯಾವನ್ಲಾ ಅವ್ನು, ವಾಪಸ್ ಕಳ್ಸೋನು?"