ಕರಿಕೆಯೋ, ಜೋಳದ ಚಿಗುರೋ?

ಎತ್ತು ಸತ್ತ ಮನೆಯಲ್ಲಿ ಬೈಯುವುದಕ್ಕೆ ಒಬ್ಬರು ಬೇಕೇ ಬೇಕು. ಕಮತಗಿಯ ನಬಿಸಾಬನಿಗೆ ಸಿಕ್ಕವಳು ನೆರೆಮನೆಯ ಗುರುಸಿದ್ದವ್ವ.

ನಬಿಸಾಬ ಬಾಗಲಕೋಟೆಯಿಂದ ಇಳಕಲ್ಲಿಗೆ ನೇಕಾರರ ನೂಲು ಸಾಗಿಸುವ ಬಂಡಿಯವನು. ಒಂದು ಜೋಡಿ ಎತ್ತೇ ಆ ಮನೆಯ ಅನ್ನ. ಅವತ್ತು ಬೆಳಿಗ್ಗೆ ಕೆಂದೆತ್ತು ಬುಟ್ಟಿಯ ಮೇವು ತಿಂದು ಸ್ವಲ್ಪ ಹೊತ್ತಾಗಿತ್ತು, ಅಷ್ಟೇ. ಗಡಗಡ ನಡುಗಿತು, ಉಸಿರು ಕಟ್ಟಿ ನೆಲಕ್ಕೆ ಬಿತ್ತು, ಮತ್ತೆ ಏಳಲಿಲ್ಲ. ಬಿಳಿ ಎತ್ತು ಲಾಳ ಕಟ್ಟಿಸಿಕೊಳ್ಳಲು ಹೋಗಿದ್ದರಿಂದ ಉಳಿಯಿತು.

ನಬಿಸಾಬನಿಗೆ ತಿಳಿದ ಮಟ್ಟಿಗೆ ಆ ಮೇವು ಗುರುಸಿದ್ದವ್ವ ಹೊಳೆದಂಡೆಯಿಂದ ತಂದುಕೊಟ್ಟ ಕರಿಕೆ, ಅಂದರೆ ಗರಿಕೆ ಹುಲ್ಲು. ನಬಿಸಾಬನ ಹೆಂಡತಿ ಅಮೀನಬಿಯ ಬಾಣಂತನದಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು ಇದೇ ಗುರುಸಿದ್ದವ್ವ. ಸಿಟ್ಟಿನಲ್ಲಿ ನಬಿಸಾಬನಿಗೆ ಅದೆಲ್ಲ ಎಲ್ಲಿ ನೆನಪು?

"ಆಕೀ ಹುಲ್ಲಿನಾಗ ವಿಷಾ ಐತಿ! ಗೌಡರ ಮುಂದ ನಿಲ್ಲಸ್ತೇನಿ ಆಕಿನ್ನ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಗುರುಸಿದ್ದವ್ವ ಹೊಸ್ತಿಲಿಗೆ ಬಂದಳು. "ಎತ್ತಂದ್ರ ನಮಗ ಬಸವಣ್ಣ. ಬಸವಣ್ಣಗ ನಾ ವಿಷಾ ಹಾಕ್ತೇನೇನೋ ತಮ್ಮಾ?" ಎಂದವಳೇ ಒಳಗೆ ಹೋಗಿ ಕದ ಹಾಕಿಕೊಂಡಳು.

ಅಮೀನಬಿ ಗಂಡನ ತೋಳು ಹಿಡಿದಳು. "ಆಕಿ ಅಂಥಾಕಿ ಅಲ್ರಿ" ಎಂದಳು.

"ನೀ ಸುಮ್ನಿರು. ಆ ಕರಿಕಿ ತಿಪ್ಪಿಗಿ ಒಗಿ. ಬಿಳೇದು ಹಸದು ಬರ್ತೈತಿ, ನಮ್ಮ ಹೊಲದಾಗಿಂದು ಏನರ ತಾ."

ಅವರ ತುಂಡು ಹೊಲದಲ್ಲಿ ಜೋಳ ಕೊಯ್ದಾಗಿತ್ತು. ಮೇಲೊಂದು ಅಡ್ಡಮಳೆ ಬಿದ್ದು ನೆಲದಲ್ಲುಳಿದ ಕೂಳೆಯೆಲ್ಲ ಹಸಿರಾಗಿ ಚಿಗುರಿತ್ತು. ಅಮೀನಬಿ ಅದನ್ನೇ ಒಂದು ತೆಕ್ಕೆ ಕೊಯ್ದು ತಂದಳು.

ಅವಳು ಬರುವ ಹೊತ್ತಿಗೆ ಅಂಗಳದಲ್ಲಿ ದನದ ಡಾಕ್ಟರ್ ಸಂಗಯ್ಯನವರಿದ್ದರು. ದನಗಳ ಬೇನೆ ನೋಡಲು ಬಾಗಲಕೋಟೆಯಿಂದ ಬಂದು ಚಾವಡಿಯಲ್ಲಿ ಇಳಿದಿದ್ದವರು, ಸುದ್ದಿ ಕೇಳಿ ಸೂಕ್ಷ್ಮದರ್ಶಕದ ಪೆಟ್ಟಿಗೆಯ ಸಮೇತ ಬಂದಿದ್ದರು. ಸತ್ತ ಎತ್ತಿನ ಹೊಟ್ಟೆಯಿಂದ ಮೇವು ತೆಗೆದು, ತೊಳೆದು, ಚೂರೊಂದನ್ನು ಗಾಜಿನ ಮೇಲಿಟ್ಟು ನೋಡುತ್ತಿದ್ದರು.

"ನಬಿಸಾಬ, ಇದರಾಗ ಎರಡು ಥರದ ಹುಲ್ಲು ಅದಾವ."

"ಅಗದು ಮುದ್ದಿ ಆಗೇತಲ್ರಿ! ನಿಮಗ ಹ್ಯಾಂಗ ಗೊತ್ತಾತು?"

"ಎಲಿ ಹರದ್ರೂ ಅದರ ಮ್ಯಾಲಿನ ಸಿಪ್ಪಿ ಗುರ್ತು ಬಿಡೂದಿಲ್ಲ. ಬಾ, ನೀನ ನೋಡು."

ಮೊದಲು ಗೋಡೆಯ ಬುಡದಲ್ಲಿ ಬೆಳೆದಿದ್ದ ಕರಿಕೆಯ ಎಲೆ ಕೆರೆದು ತೋರಿಸಿದರು. ನಬಿಸಾಬ ಒಂದು ಕಣ್ಣು ಮುಚ್ಚಿ ಬಗ್ಗಿದ. "ಯಾ ಅಲ್ಲಾ! ಸಣ್ಣ ಸಣ್ಣ ಕುದುರಿ ಜೀನ ಸಾಲಾಗಿ ಇಟ್ಟಂಗ ಐತಿ."

ಆಮೇಲೆ ಎತ್ತಿನ ಹೊಟ್ಟೆಯ ಚೂರು. ಕೆಲವದರಲ್ಲಿ ಅದೇ ಜೀನು. ಉಳಿದವುಗಳಲ್ಲಿ ನಡು ಸಣ್ಣಗಾದ ಡಮರುಗಳು.

"ಡಮರು ಭಾಳ ಹುಲ್ಲಿಗಿ ಇರ್ತಾವ, ಕರಿಕಿಗಿ ಇರೂದಿಲ್ಲ. ಮೇವಿನಾಗ ಏನು ಕೂಡ್ಸಿದ್ರಿ?"

ಅಮೀನಬಿ ಸೆರಗು ಸರಿಮಾಡಿಕೊಂಡಳು. "ಇದ ಜೋಳದ ಚಿಗುರ್ರಿ. ದುಡದ ಎತ್ತು, ಬಾಯಿಗಿ ರುಚಿ ಆಗ್ಲಿ ಅಂತ ಮುಂಜಾನೆ ಭಾಳಷ್ಟು ಕೂಡ್ಸಿದ್ದೆ."

ಡಾಕ್ಟರು ಅವಳ ತೆಕ್ಕೆಯಿಂದ ಒಂದು ಎಲೆ ಎಳೆದುಕೊಂಡು ಕೆರೆದರು. ಡಮರು, ಅವುಗಳ ಸಾಲು, ಅಂಚಿನ ಮುಳ್ಳುಗೂದಲು, ಎಲ್ಲವೂ ತಾಳೆಯಾದವು.

"ಕೆಳಗ ಒಗಿಯವ್ವಾ ಅದನ್ನ!"

ಲಾಳ ಕಟ್ಟಿಸಿಕೊಂಡು ಬಂದ ಬಿಳಿ ಎತ್ತು ಆಗಲೇ ಅವಳ ತೆಕ್ಕೆಗೆ ಮೂತಿ ಚಾಚಿತ್ತು. ಅಮೀನಬಿ ಚಿಗುರು ಬಿಸಾಡಿ ಎತ್ತಿನ ಮೂಗುದಾರ ಹಿಡಿದು ನಿಂತಳು.

"ಜೋಳದಾಗ ವಿಷಾ ಏನ್ರಿ? ದಿನಾ ಅದರದ ರೊಟ್ಟಿ ತಿಂತೇವಿ!" ಎಂದ ನಬಿಸಾಬ.

"ಕಾಳಿಗಿ ಏನೂ ಆಗಿಲ್ಲೋ ಮಾರಾಯಾ. ವಿಷ ಇರೂದು ಎಳೀ ಚಿಗುರಿನಾಗ. ಕೂಳಿ ಒಡದದ್ದು, ಮಳಿ ಇಲ್ದ ಬಾಡಿದ ಎಳೀ ಜೋಳ, ಇವು ಹೊಟ್ಟಿಗಿ ಹೋದ್ರ ದನದ ಉಸರ ಕಟ್ಟತೈತಿ. ಬೆಳದು ತೆನಿ ಬಿಟ್ಟು ಒಣಗಿದ ಕಣಿಕಿ ಹಾಕು, ಅಂಜಿಕಿ ಇಲ್ಲ."

ನಬಿಸಾಬ ಮತ್ತೊಮ್ಮೆ ಬಗ್ಗಿ ನೋಡಿದ. ರುಮಾಲು ಕೈಯಲ್ಲಿ ಹಿಡಿದು ನೆಟ್ಟಗೆ ನೆರೆಮನೆಗೆ ಹೋಗಿ ಕದ ತಟ್ಟಿದ.

"ಅಕ್ಕಾ, ನಿನ್ನ ಕರಿಕಿ ಚೊಕ್ಕ ಇತ್ತು. ನನ್ನ ನಾಲಿಗಿ ಕೆಟ್ಟಿತ್ತು."

ಗುರುಸಿದ್ದವ್ವನ ಕಣ್ಣು ಅತ್ತು ಊದಿತ್ತು. "ಭಾಳ ನೊಂದೇನಿ ತಮ್ಮಾ, ಸುಳ್ಳ್ಯಾಕ ಹೇಳ್ಲಿ. ಆ ಸಾಹೇಬ್ರು ಬರದಿದ್ರ ಈ ಓಣ್ಯಾಗ ನಾ ಹ್ಯಾಂಗ ತಲಿ ಎತ್ತಿ ತಿರಗ್ತಿದ್ದೆ?"

ಹಿಂದೆಯೇ ಬಂದ ಅಮೀನಬಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಮಾನ ಉಳೀತು, ನಮ್ಮ ಬಿಳೇ ಎತ್ತು ಉಳೀತು. ಅವರ ಋಣ ಹ್ಯಾಂಗ ತೀರಸೂದಕ್ಕಾ!" ಎಂದು ಬಿಕ್ಕಿದಳು. ಇಬ್ಬರೂ ಹೊಸ್ತಿಲ ಮೇಲೆ ಕೂತು ಮನಸಾರೆ ಅತ್ತರು.

ಎತ್ತು ಹಸು ಕಟ್ಟಿದ ಅಣ್ಣಂದಿರೇ, ಮೇವು ಹಾಕುವ ತಾಯಂದಿರೇ, ಕೊಯ್ದ ಕೂಳೆಯ ಚಿಗುರನ್ನೂ ಬಾಡಿದ ಎಳೆ ಜೋಳವನ್ನೂ ದನದ ಬಾಯಿಗೆ ಕೊಡಬೇಡಿ. ದನ ನಡುಗಿ ಬಿದ್ದರೆ ಉಳಿದ ಮೇವನ್ನು ತಿಪ್ಪೆಗೆ ಎಸೆಯದೆ ಎತ್ತಿಡಿ, ಕೂಡಲೇ ದನದ ಡಾಕ್ಟರನ್ನು ಕರೆಸಿ. ನೆರೆಮನೆಯವರ ಹೆಸರು ಬಾಯಿಗೆ ಬಂದರೆ, ಡಾಕ್ಟರು ನೋಡಿ ಹೇಳುವ ತನಕ ಅದನ್ನು ನುಂಗಿಕೊಳ್ಳಿ.